ಮೊಣಕಾಲು ನೆಲಕ್ಕೆ ತಾಗಿದ ಕ್ಷಣ: ಮಯಾಮಿ–ಡ್ಯೂಕ್ ಪಂದ್ಯದ ಕೊನೆಯ ಆರು ಸೆಕೆಂಡು

2015ರ ಅಕ್ಟೋಬರ್ 31, ಶನಿವಾರ ರಾತ್ರಿ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡರ್‌ಹ್ಯಾಮ್‌ನಲ್ಲಿರುವ ವಾಲೇಸ್ ವೇಡ್ ಕ್ರೀಡಾಂಗಣದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ 27–24ರಿಂದ ಮುಂದಿತ್ತು. ಗಡಿಯಾರದಲ್ಲಿ ಉಳಿದದ್ದು 6 ಸೆಕೆಂಡು. ಮಯಾಮಿ ವಿಶ್ವವಿದ್ಯಾಲಯದ ತಂಡಕ್ಕೆ ಇದ್ದದ್ದು ಒಂದೇ ದಾರಿ: ಡ್ಯೂಕ್ ಒದೆಯುವ ಚೆಂಡನ್ನು ಹಿಡಿದು ಅದೇ ಓಟದಲ್ಲಿ ಎದುರಿನ ಗೋಲ್ ಗೆರೆ ದಾಟಬೇಕು. ಚೆಂಡು ಎಂಟು ಸಲ ಒಬ್ಬರಿಂದ ಒಬ್ಬರಿಗೆ ಹಾರಿತು. ಕೊನೆಗೆ ಕಾರ್ನ್ ಎಲ್ಡರ್ ಅದನ್ನು ಎದುರಿನ ತುದಿಗೆ ಮುಟ್ಟಿಸಿದರು. ಸುಮಾರು ಒಂಬತ್ತು ನಿಮಿಷ ರಿಪ್ಲೇ ಪರಿಶೀಲನೆ ನಡೆದು ಟಚ್‌ಡೌನ್, ಅಂದರೆ ಗೋಲ್ ಗೆರೆ ದಾಟಿದ್ದಕ್ಕೆ ಸಿಗುವ ಆರು ಅಂಕ, ಊರ್ಜಿತವಾಯಿತು. ಮಯಾಮಿ 30, ಡ್ಯೂಕ್ 27.

ಮರುದಿನವೇ ಎರಡೂ ತಂಡಗಳು ಸೇರಿರುವ ಕಾಲೇಜು ತಂಡಗಳ ಕೂಟ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಆ ಒಂದೇ ಆಟದಲ್ಲಿ (ಆಟ ಎಂದರೆ ಇಲ್ಲಿ ಇಡೀ ಪಂದ್ಯವಲ್ಲ, ಚೆಂಡು ಚಲಿಸಿ ನಿಲ್ಲುವವರೆಗಿನ ಒಂದು ಸುತ್ತು) ಸಾಲು ಸಾಲು ತಪ್ಪುಗಳಾಗಿವೆ ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ಮೈದಾನದ ಅಂಪೈರ್ ತಂಡ, ರಿಪ್ಲೇ ಅಧಿಕಾರಿ, ಅವರ ಸಂವಹನ ಸಹಾಯಕ, ಎಲ್ಲರನ್ನೂ ಎರಡು ಪಂದ್ಯಗಳಿಂದ ಹೊರಗಿಟ್ಟಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ತಪ್ಪು ತೀರ್ಪುಗಳು ಎಲ್ಲ ಆಟದಲ್ಲೂ ಇವೆ. ಈ ಪ್ರಕರಣವನ್ನು ಬಿಡಿಸಿ ನೋಡಲು ಬೇರೆ ಕಾರಣವಿದೆ. ಇಲ್ಲಿ ಕ್ಯಾಮೆರಾ ಇತ್ತು, ಸಮಯ ಇತ್ತು, ನೋಡಬೇಕಾದ ದೃಶ್ಯವೂ ಇತ್ತು. ಆದರೂ ತಪ್ಪು ಉಳಿಯಿತು. ಅದು ಹೇಗೆ ಉಳಿಯಿತು ಎಂದು ಹುಡುಕುತ್ತ ಹೋದರೆ ರಿಪ್ಲೇ ನಿಯಮದ ಒಳಗೇ ಇರುವ ಒಂದು ಬಿರುಕು ಕಾಣುತ್ತದೆ.

ಅಲ್ಲಿಯವರೆಗಿನ ಆಟ

ಮಯಾಮಿ ಆ ವಾರ ಬಹಳ ಕುಗ್ಗಿತ್ತು. ಹಿಂದಿನ ಶನಿವಾರ ಕ್ಲೆಮ್ಸನ್ ಎದುರು 58–0ರಿಂದ ಸೋತು, ಮರುದಿನ ಮುಖ್ಯ ಕೋಚ್ ಆಲ್ ಗೋಲ್ಡನ್ ಅವರನ್ನು ಕಳೆದುಕೊಂಡಿತ್ತು. ಲ್ಯಾರಿ ಸ್ಕಾಟ್ ಹಂಗಾಮಿ ಕೋಚ್. ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಆಟಗಾರ, ಬ್ರಾಡ್ ಕಾಯಾ ತಲೆಗೆ ಪೆಟ್ಟಾಗಿ ಹೊರಗಿದ್ದರು. ಡ್ಯೂಕ್ ಆಗ ದೇಶದ 22ನೇ ರ‍್ಯಾಂಕಿನ ತಂಡ, ಡೇವಿಡ್ ಕಟ್‌ಕ್ಲಿಫ್ ಅದರ ಕೋಚ್.

24–19ರಿಂದ ಹಿಂದಿದ್ದ ಡ್ಯೂಕ್, 6 ಸೆಕೆಂಡು ಉಳಿದಿರುವಾಗ ಥಾಮಸ್ ಸರ್ಕ್ ಅವರ ಟಚ್‌ಡೌನಿನಿಂದ 25ಕ್ಕೆ ಏರಿತು, ಎರಡು ಅಂಕದ ಹೆಚ್ಚುವರಿ ಯತ್ನವೂ ಫಲಿಸಿ 27 ಆಯಿತು. ಇನ್ನೊಂದು ಸಂಗತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಚಿತ್ರ ಒಂದೇ ಕಡೆಗೆ ವಾಲುತ್ತದೆ. ಆ ಪಂದ್ಯದಲ್ಲಿ ಮಯಾಮಿಯ ಮೇಲೆ 23 ದಂಡಗಳು ಬಿದ್ದಿದ್ದವು, ಒಟ್ಟು 194 ಗಜ (ದಂಡವೆಂದರೆ ತಪ್ಪು ಮಾಡಿದ ತಂಡಕ್ಕೆ ನಷ್ಟವಾಗುವಂತೆ ಚೆಂಡನ್ನು ಅಷ್ಟು ಗಜ ಸರಿಸುವುದು). ಕೊನೆಯ ಆಟ ಶುರುವಾಗುವ ಹೊತ್ತಿಗೆ ಅಂಪೈರ್‌ಗಳ ಮೇಲೆ ಕುದಿಯುತ್ತಿದ್ದದ್ದು ಮಯಾಮಿಯ ಬೆಂಚು. ತಪ್ಪು ಕಂಡಾಗ ಎಸೆಯುವ ಹಳದಿ ಧ್ವಜಗಳ ರಾಶಿಯ ನಡುವೆ, ಎರಡೂ ಕಡೆ ಬಿಸಿಯೇರಿದ್ದಾಗ, ಅದೇ ಅಂಪೈರ್ ತಂಡ ಆ ರಾತ್ರಿಯ ಅತಿ ಕಷ್ಟದ ಆಟಕ್ಕೆ ತೀರ್ಪು ಕೊಡಬೇಕಾಯಿತು.

ಈ ಆಟದಲ್ಲಿ ನಿಯಮ ಕೇಳುವುದೇನು

ಅಮೆರಿಕನ್ ಫುಟ್‌ಬಾಲಿನಲ್ಲಿ ಗಡಿಯಾರ ಸೊನ್ನೆಗೆ ಬಂದರೂ ನಡೆಯುತ್ತಿರುವ ಆಟ ನಿಲ್ಲುವುದಿಲ್ಲ. ಚೆಂಡು ‘ಸತ್ತಾಗ’ ಮಾತ್ರ ನಿಲ್ಲುತ್ತದೆ. ಆದ್ದರಿಂದಲೇ ಸೋಲುವ ತಂಡ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಜೀವ ಹಿಡಿದುಕೊಂಡಿರುತ್ತದೆ. ಇದಕ್ಕೆ ಲ್ಯಾಟರಲ್ ಎನ್ನುತ್ತಾರೆ. ಇಲ್ಲಿ ಮುಖ್ಯವಾಗುವ ನಿಯಮಗಳು ಮೂರು.

ಲ್ಯಾಟರಲ್ ಪಕ್ಕಕ್ಕೋ ಹಿಂದಕ್ಕೋ ಹೋಗಬೇಕು, ಮುಂದಕ್ಕೆ ಹೋಗಕೂಡದು. ಚೆಂಡು ಹಿಡಿದವನು ಅಂಚಿನ ಗೆರೆ ತುಳಿಯಬಾರದು. ಮೂರನೆಯದೇ ಈ ಪ್ರಕರಣದ ತಿರುಳು: ಚೆಂಡು ಹಿಡಿದವನ ಅಂಗೈ ಮತ್ತು ಪಾದ ಬಿಟ್ಟು ದೇಹದ ಬೇರೆ ಯಾವುದೇ ಭಾಗ ನೆಲಕ್ಕೆ ತಾಗಿದರೆ ಚೆಂಡು ಆ ಕ್ಷಣವೇ ಸತ್ತಂತೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಎದುರಾಳಿ ಮುಟ್ಟಿದ ಮೇಲೆ ಬಿದ್ದರಷ್ಟೇ ಆಟ ಮುಗಿಯುತ್ತದೆ. ಕಾಲೇಜು ಆಟದಲ್ಲಿ ಅದೂ ಬೇಕಿಲ್ಲ, ತಾನಾಗಿ ಜಾರಿ ಮೊಣಕಾಲೂರಿದರೂ ಮುಗಿಯಿತು.

ಎಂಟು ಲ್ಯಾಟರಲ್‌ಗಳ ನಡುವೆ ಒಂದು ಹಂತದಲ್ಲಿ ಚೆಂಡು ಮಯಾಮಿಯ ಮಾರ್ಕ್ ವಾಲ್ಟನ್ ಕೈಯಲ್ಲಿತ್ತು. ಡ್ಯೂಕ್ ಆಟಗಾರ ಅವರನ್ನು ಹಿಡಿದು ಕೆಡವುತ್ತಿದ್ದ. ಬೀಳುತ್ತ ವಾಲ್ಟನ್ ಚೆಂಡನ್ನು ಹಿಂದಕ್ಕೆ ಎಸೆದರು. ಚೆಂಡು ಕೈ ಬಿಡುವ ಮೊದಲೇ ಮೊಣಕಾಲು ನೆಲಕ್ಕೆ ತಾಗಿತ್ತು. ಅಲ್ಲಿಗೆ ಆಟ ಮುಗಿಯಬೇಕಿತ್ತು, 27–24ಕ್ಕೆ ಡ್ಯೂಕ್ ಗೆಲ್ಲಬೇಕಿತ್ತು. ಆಮೇಲೆ ಚೆಂಡು ಮಯಾಮಿಯದೇ ಗೋಲ್ ಗೆರೆಯ ಹತ್ತಿರಕ್ಕೆ ಹಿಂದೆ ಸರಿದು, ಅಲ್ಲಿಂದ ಎಲ್ಡರ್ ಕೈಗೆ ಸಿಕ್ಕಿ, ಇಡೀ ಮೈದಾನ ದಾಟಿತು. ಆ ಓಟ ನಿಜಕ್ಕೂ ಅದ್ಭುತ. ಆದರೆ ಅದು ಶುರುವಾದದ್ದು ಸತ್ತ ಚೆಂಡಿನಿಂದ.

ಕಾನ್ಫರೆನ್ಸ್ ಪಟ್ಟಿ ಮಾಡಿದ ನಾಲ್ಕು ಅಂಶ

ಎಸಿಸಿ ತನ್ನ ಹೇಳಿಕೆಯಲ್ಲಿ ನಾಲ್ಕು ಅಂಶಗಳನ್ನು ಎತ್ತಿತು. ನಾಲ್ಕರ ತೂಕ ಒಂದೇ ಅಲ್ಲ, ಅದನ್ನು ಬಿಡಿಸಿ ನೋಡಬೇಕು.

ಮೊದಲನೆಯದು ವಾಲ್ಟನ್ ಮೊಣಕಾಲು. ಮೈದಾನದಲ್ಲಿ ಯಾರೂ ಸೀಟಿ ಊದಲಿಲ್ಲ. ರಿಪ್ಲೇ ಅಧಿಕಾರಿಯೂ ತಿದ್ದಲಿಲ್ಲ. ಇಬ್ಬರ ತಪ್ಪೂ ಸೇರಿದ ಏಕೈಕ ಅಂಶ ಇದು.

ಎರಡನೆಯದು ಮಯಾಮಿಯ 16ನೇ ಗಜದ ಗೆರೆಯ ಬಳಿ ನಡೆದ ಬೆನ್ನಿನ ಮೇಲಿನ ತಳ್ಳು. ಎದುರಾಳಿಯನ್ನು ಹಿಂದಿನಿಂದ ತಳ್ಳಿ ತಡೆಯುವುದು ದಂಡಾರ್ಹ. ಇದನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಹೀಗಿದೆ. ದಂಡ 10 ಗಜ. ಆದರೆ ತಪ್ಪು ನಡೆದ ಜಾಗದಿಂದ ಗೋಲ್ ಗೆರೆಗೆ ಇರುವ ದೂರದ ಅರ್ಧಕ್ಕಿಂತ ದಂಡ ಹೆಚ್ಚಾಗುವಂತಿಲ್ಲ. 16ರ ಅರ್ಧ 8. ಹಾಗಾಗಿ ಚೆಂಡು 8ನೇ ಗಜದ ಗೆರೆಗೆ ಬರುತ್ತಿತ್ತು. ಆಟ ನಡೆಯುವಾಗಿನ ತಪ್ಪಿಗೆ ದಂಡ ಒಪ್ಪಿಕೊಂಡರೆ ಗಡಿಯಾರವಿಲ್ಲದ ಇನ್ನೊಂದು ಆಟ ಸಿಗುತ್ತದೆ. ಅಂದರೆ 100 ಗಜದ ಮೈದಾನದಲ್ಲಿ ಮಯಾಮಿಗೆ 92 ಗಜ ದೂರದಿಂದ ಕಡೆಯ ಒಂದು ಯತ್ನ. ‘ಆ ಧ್ವಜ ಬೀಸಿದ್ದರೆ ಡ್ಯೂಕ್ ಗೆದ್ದೇಬಿಡುತ್ತಿತ್ತು’ ಎನ್ನುವುದು ಪೂರ್ತಿ ಸರಿಯಲ್ಲ. ಬಹುತೇಕ ಗೆಲ್ಲುತ್ತಿತ್ತು, ಅಷ್ಟೇ.

ಮೂರನೆಯದು ಡ್ಯೂಕ್‌ನ 26ನೇ ಗಜದ ಬಳಿ ಬಿದ್ದ ಧ್ವಜ. ಅದೂ ಬೆನ್ನಿನ ಮೇಲಿನ ತಳ್ಳಿಗೇ. ಅಂಪೈರ್‌ಗಳು ಮಾತಾಡಿಕೊಂಡು, ತಡೆ ಪಕ್ಕದಿಂದ ಬಂದದ್ದು, ನ್ಯಾಯವಾದದ್ದು ಎಂದು ತೀರ್ಮಾನಿಸಿ ಧ್ವಜ ಎತ್ತಿಕೊಂಡರು. ಎತ್ತಿಕೊಂಡದ್ದು ಸರಿ ಎಂದೇ ಕಾನ್ಫರೆನ್ಸ್ ಹೇಳಿತು. ಕೆಟ್ಟದ್ದು ಮಾತಿನ ನಿರ್ವಹಣೆ. ಟಿವಿ ನೋಡಿದ ಲಕ್ಷಾಂತರ ಜನರಿಗೆ ಕಂಡದ್ದು ಇಷ್ಟು: ಧ್ವಜ ಬಿತ್ತು, ದೀರ್ಘ ರಿಪ್ಲೇ ನಡೆಯಿತು, ಧ್ವಜ ಮಾಯವಾಯಿತು. ರಿಪ್ಲೇ ನೋಡಿ ದಂಡ ಅಳಿಸಿದರು ಎಂದು ಯಾರಾದರೂ ತಿಳಿಯುವುದು ಸಹಜ. ನಿಯಮದ ಪ್ರಕಾರ ಇಂಥ ತಳ್ಳಿನ ಬಗ್ಗೆ ತೀರ್ಪು ಹೇಳಲು ರಿಪ್ಲೇ ಅಧಿಕಾರಿಗೆ ಅಧಿಕಾರವೇ ಇಲ್ಲ.

ನಾಲ್ಕನೆಯದು, ಆಟ ಮುಗಿಯುವ ಮುನ್ನವೇ ಮಯಾಮಿ ಆಟಗಾರನೊಬ್ಬ ಬೆಂಚು ಬಿಟ್ಟು ಮೈದಾನಕ್ಕೆ ನುಗ್ಗಿದ್ದು. ತಪ್ಪು ಹೌದು, ಆದರೆ ಅದರಿಂದ ಟಚ್‌ಡೌನ್ ರದ್ದಾಗುತ್ತಿರಲಿಲ್ಲ.

ಈಗ ಒಂದು ಗೆರೆ ಎಳೆಯೋಣ. ಬೆನ್ನಿನ ತಳ್ಳುಗಳೆರಡೂ ರಿಪ್ಲೇ ವ್ಯಾಪ್ತಿಗೆ ಹೊರಗೆ. ಬೆಂಚಿನ ವಿಷಯದಿಂದ ಅಂಕ ಬದಲಾಗದು. ರಿಪ್ಲೇ ಕೊಠಡಿಯಲ್ಲಿ ಕೂತವರ ಕೈಯಲ್ಲಿ ಇದ್ದದ್ದು, ಪಂದ್ಯವನ್ನು ನಿರ್ಧರಿಸುತ್ತಿದ್ದದ್ದು, ಆ ಮೊಣಕಾಲೊಂದೇ.

ಮೈದಾನದಲ್ಲಿ ಯಾಕೆ ಕಾಣಲಿಲ್ಲ

ಕಾಲೇಜು ಫುಟ್‌ಬಾಲಿನಲ್ಲಿ ಮೈದಾನದೊಳಗೆ 7 ಅಥವಾ 8 ಮಂದಿ ಅಧಿಕಾರಿಗಳಿರುತ್ತಾರೆ. ಚೆಂಡು ಒದೆಯುವ ಆಟಕ್ಕೆ ಅವರು ಉದ್ದಕ್ಕೂ ಹರಡಿ ನಿಲ್ಲುತ್ತಾರೆ: ಕೆಲವರು ಚೆಂಡು ಹಿಡಿಯುವವರ ಹತ್ತಿರ, ಕೆಲವರು ಎರಡು ಅಂಚುಗಳಲ್ಲಿ, ಕೆಲವರು ಒದೆಯುವ ಕಡೆ. ಓಟ ಶುರುವಾದ ಮೇಲೆ ಒಬ್ಬೊಬ್ಬರ ವಲಯ ದಾಟಿದಂತೆ ಓಟಗಾರ ಮುಂದಿನವರ ಕಣ್ಣಿಗೆ ಒಪ್ಪಿಸಲ್ಪಡುತ್ತಾನೆ. ಒಬ್ಬರು ಚೆಂಡನ್ನು ನೋಡಿದರೆ ಉಳಿದವರು ಸುತ್ತಲಿನ ತಡೆಗಳನ್ನು ನೋಡಬೇಕು.

ಈ ವ್ಯವಸ್ಥೆ ಒಂದೇ ದಿಕ್ಕಿನ ಓಟಕ್ಕೆಂದು ಹೊಲಿದದ್ದು. ಚೆಂಡು ಎಡಕ್ಕೆ, ಬಲಕ್ಕೆ, ಮತ್ತೆ ಹಿಂದಕ್ಕೆ ಹಾರತೊಡಗಿದರೆ ಯಾವ ವಲಯ ಯಾರದು ಎಂಬುದೇ ಕಲಸಿಹೋಗುತ್ತದೆ. ಮುಂದೆ ಓಡಿದ ಅಧಿಕಾರಿ ತಿರುಗಿ ಬರಬೇಕು. ತಿರುಗುವ ಆ ಒಂದು ಸೆಕೆಂಡಿನಲ್ಲಿ ಚೆಂಡು ಕೈ ಬದಲಿಸಿರುತ್ತದೆ. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋದರೆ ತಳ್ಳು ತಪ್ಪಿಹೋಗುತ್ತದೆ, 16ನೇ ಗಜದಲ್ಲಿ ಆದದ್ದು ಅದೇ ಬಗೆಯ ತಪ್ಪು. ವಾಲ್ಟನ್ ಬೀಳುವಾಗ ಸುತ್ತ ಮೈಗಳ ಗುಂಪು. ನೆಲಮಟ್ಟದಲ್ಲಿ ನಿಂತವರಿಗೆ ಮೊಣಕಾಲು ಕಂಡರೆ ಕೈ ಮರೆ, ಕೈ ಕಂಡರೆ ಮೊಣಕಾಲು ಮರೆ.

ಇದು ಹೊಸ ಕಷ್ಟವೂ ಅಲ್ಲ. 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯಾ–ಸ್ಟ್ಯಾನ್‌ಫರ್ಡ್ ಪಂದ್ಯ ಐದು ಲ್ಯಾಟರಲ್‌ಗಳಿಂದ 25–20ಕ್ಕೆ ಮುಗಿದಾಗಲೂ, ಪಂದ್ಯ ಮುಗಿಯಿತೆಂದು ಸ್ಟ್ಯಾನ್‌ಫರ್ಡ್ ಬ್ಯಾಂಡಿನವರು ಮೈದಾನಕ್ಕೆ ಇಳಿದಿದ್ದಾಗಲೂ, ಜಗಳ ಇದ್ದದ್ದು ಡ್ವೈಟ್ ಗಾರ್ನರ್ ಎಂಬ ಆಟಗಾರನ ಮೊಣಕಾಲಿನ ಬಗ್ಗೆಯೇ. ಆಗ ರಿಪ್ಲೇ ನಿಯಮ ಇರಲಿಲ್ಲ. ಅಂಥ ವಾದ ಮುಂದೆ ಉಳಿಯದಿರಲಿ ಎಂದೇ 2004ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ರಿಪ್ಲೇ ಪ್ರಯೋಗಕ್ಕೆ ಇಳಿಯಿತು, 2006ಕ್ಕೆ ಕಾಲೇಜು ಫುಟ್‌ಬಾಲಿಗೆ ಏಕರೂಪದ ರಿಪ್ಲೇ ನಿಯಮ ಬಂತು.

ಸೀಟಿ ತಡೆಹಿಡಿಯುವ ಪಾಠ

ಇಲ್ಲಿಂದ ಮುಂದಿನದು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ.

ರಿಪ್ಲೇ ಬಂದ ಮೇಲೆ ಅಧಿಕಾರಿಗಳಿಗೆ ಕಲಿಸುವ ಒಂದು ಅಭ್ಯಾಸವಿದೆ: ಖಾತ್ರಿ ಇಲ್ಲದಿದ್ದರೆ ಸೀಟಿ ಊದಬೇಡಿ. ಕಾರಣ ಸರಳ. ತಪ್ಪಾಗಿ ಸೀಟಿ ಊದಿದರೆ ಆಟಗಾರರು ನಿಂತುಬಿಡುತ್ತಾರೆ. ಮುಂದೆ ಏನಾಗುತ್ತಿತ್ತು ಎಂಬುದನ್ನು ಯಾವ ಕ್ಯಾಮೆರಾವೂ ತೋರಿಸಲಾರದು. ಊದದೆ ಬಿಟ್ಟರೆ ಆಟ ಮುಂದುವರಿಯುತ್ತದೆ, ತಪ್ಪಾಗಿದ್ದರೆ ಕೊಠಡಿಯಲ್ಲಿ ಕೂತವರು ಹಿಂದಕ್ಕೆ ಹೋಗಿ ತಿದ್ದಬಹುದು. ಅಧಿಕಾರಿಯ ದೃಷ್ಟಿಯಿಂದ ಇದು ಜಾಣತನವೇ, ಹಲವು ಪಂದ್ಯಗಳನ್ನು ಇದು ಉಳಿಸಿದೆ.

ಆದರೆ ರಿಪ್ಲೇ ಕೊಠಡಿಯ ನಿಯಮ ಹೇಳುವುದು ಬೇರೆ. ಮೈದಾನದ ತೀರ್ಪು ಸರಿ ಎಂದೇ ಇಟ್ಟುಕೊಂಡು ಶುರು ಮಾಡಬೇಕು, ಅಲ್ಲಗಳೆಯಲಾಗದ ದೃಶ್ಯಸಾಕ್ಷ್ಯ ಇದ್ದರೆ ಮಾತ್ರ ಬದಲಿಸಬೇಕು. ಹತ್ತಿರದಿಂದ ನೋಡಿದವನ ಕಣ್ಣಿಗೆ ಮರ್ಯಾದೆ ಕೊಡಬೇಕು ಎಂಬುದು ಇದರ ಹಿಂದಿನ ತರ್ಕ.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ‘ನನಗೆ ಖಾತ್ರಿ ಇಲ್ಲ, ಮೇಲಿನವರು ನೋಡಿಕೊಳ್ಳಲಿ’ ಎಂದು ಕೆಳಗಿನವರು ಸುಮ್ಮನಿರುತ್ತಾರೆ. ‘ಕೆಳಗಿನವರು ಆತ ಬಿದ್ದಿಲ್ಲ ಎಂದಿದ್ದಾರೆ, ಅದನ್ನು ಅಲ್ಲಗಳೆಯಲು ನನಗೆ ಬಲವಾದ ಸಾಕ್ಷ್ಯ ಬೇಕು’ ಎಂದು ಮೇಲಿನವರು ಹಿಂಜರಿಯುತ್ತಾರೆ. ನಿಜದಲ್ಲಿ ಕೆಳಗಿನವರು ಏನನ್ನೂ ಹೇಳಿರುವುದೇ ಇಲ್ಲ. ಯಾರೂ ಕೊಡದ ತೀರ್ಪಿಗೆ ಕೊಟ್ಟ ತೀರ್ಪಿನ ಮರ್ಯಾದೆ ಸಿಕ್ಕಿಬಿಡುತ್ತದೆ.

ಕ್ರಿಕೆಟ್ ನೋಡುವವರಿಗೆ ಇದು ತಟ್ಟನೆ ಅರ್ಥವಾಗಬೇಕು. ನೆಲಕ್ಕೆ ಹತ್ತಿರದ ಕ್ಯಾಚಿಗೆ ಮೈದಾನದ ಅಂಪೈರ್ ‘ಸಾಫ್ಟ್ ಸಿಗ್ನಲ್’ ಕೊಟ್ಟು ಥರ್ಡ್ ಅಂಪೈರಿಗೆ ಕಳಿಸುತ್ತಿದ್ದರು. 70 ಗಜ ದೂರದಿಂದ ಊಹಿಸಿ ಕೊಟ್ಟ ಸನ್ನೆಯೇ, ದೃಶ್ಯ ಮಸುಕಾಗಿದ್ದಾಗ, ಅಂತಿಮ ತೀರ್ಪಾಗುತ್ತಿತ್ತು. ಐಸಿಸಿ 2023ರ ಜೂನ್‌ನಲ್ಲಿ ಅದನ್ನು ಕೈಬಿಟ್ಟಿತು. ಕಾಲೇಜು ಫುಟ್‌ಬಾಲಿನಲ್ಲಿ ಊದದ ಸೀಟಿಯೇ ಸಾಫ್ಟ್ ಸಿಗ್ನಲ್. ವ್ಯತ್ಯಾಸ ಇಷ್ಟೇ: ಅಲ್ಲಿ ಅಂಪೈರ್ ಕೈಯೆತ್ತಿ ಏನೋ ಒಂದು ಸನ್ನೆಯನ್ನಾದರೂ ಮಾಡುತ್ತಿದ್ದ.

ಒಂಬತ್ತು ನಿಮಿಷದಲ್ಲಿ ಮಾಡಬೇಕಾದದ್ದು

2015ರಲ್ಲಿ ಎಸಿಸಿ ಪಂದ್ಯಗಳ ರಿಪ್ಲೇ ನಡೆಯುತ್ತಿದ್ದದ್ದು ಆಯಾ ಕ್ರೀಡಾಂಗಣದ ಪ್ರೆಸ್ ಬಾಕ್ಸ್‌ನ ಕೊಠಡಿಯಲ್ಲಿ. ಅಲ್ಲಿ ರಿಪ್ಲೇ ಅಧಿಕಾರಿ, ಮಾತು ಮುಟ್ಟಿಸುವ ಸಹಾಯಕ, ಯಂತ್ರ ನಡೆಸುವವರು. ನೋಡಲು ಸಿಗುವುದು ಟಿವಿ ಪ್ರಸಾರದವರ ದೃಶ್ಯಗಳು. ಕೆಳಗೆ ರೆಫರಿ ಅಂಚಿಗೆ ಬಂದು ಹೆಡ್‌ಸೆಟ್ ಹಾಕಿಕೊಂಡು ಮಾತಾಡುತ್ತಾರೆ, ಆದರೆ ತೀರ್ಮಾನ ಕೊಠಡಿಯದು. ರೆಫರಿ ಅದನ್ನು ಮೈಕಿನಲ್ಲಿ ಘೋಷಿಸುತ್ತಾರೆ.

ಎಂಟು ಲ್ಯಾಟರಲ್ ಎಂದರೆ ಚೆಂಡು ಒಂಬತ್ತು ಸಲ ಒಬ್ಬೊಬ್ಬರ ವಶದಲ್ಲಿತ್ತು. ಪ್ರತಿ ವಶಕ್ಕೂ ಎರಡು ಪ್ರಶ್ನೆ: ಆತ ನೆಲಕ್ಕೆ ತಾಗಿದನೇ? ಅಂಚಿನ ಗೆರೆ ತುಳಿದನೇ? ಪ್ರತಿ ಲ್ಯಾಟರಲ್‌ಗೆ ಒಂದು ಪ್ರಶ್ನೆ: ಮುಂದಕ್ಕೆ ಹೋಯಿತೇ? ಒಟ್ಟು 9, 9, 8, ಅಂದರೆ 26 ಪ್ರಶ್ನೆ. ಒಂಬತ್ತು ನಿಮಿಷವನ್ನು ಇವಕ್ಕೆ ಸಮನಾಗಿ ಹಂಚಿದರೆ ಒಂದಕ್ಕೆ 20 ಸೆಕೆಂಡು ಚಿಲ್ಲರೆ. ಹೊರಗಿನಿಂದ ಅನಂತವೆನಿಸಿದ ಆ ಒಂಬತ್ತು ನಿಮಿಷ ಕೊಠಡಿಯೊಳಗೆ ಅಷ್ಟು ಉದ್ದವಲ್ಲ. ಸಮಾನವಾಗಿ ಹಂಚುವುದೇ ಮೊದಲ ತಪ್ಪು ದಾರಿ.

ಸರಿಯಾದ ದಾರಿ ಹೀಗಿರಬೇಕು. ಮೊದಲು ಒಮ್ಮೆ ಇಡೀ ಆಟವನ್ನು ಸಾಮಾನ್ಯ ವೇಗದಲ್ಲಿ, ಎತ್ತರದ ಕ್ಯಾಮೆರಾದಲ್ಲಿ ನೋಡಿ, ಒಂಬತ್ತು ವಶಗಳಿಗೂ ಕಾಗದದ ಮೇಲೆ ಕ್ರಮಸಂಖ್ಯೆ ಮತ್ತು ಆಟಗಾರನ ಅಂಗಿಯ ಸಂಖ್ಯೆ ಬರೆದುಕೊಳ್ಳಬೇಕು. ಬಯಲಿನಲ್ಲಿ ನಿಂತು ಆರಾಮವಾಗಿ ಎಸೆದವುಗಳನ್ನು ಅಲ್ಲೇ ಹೊಡೆದುಹಾಕಬೇಕು. ಉಳಿಯುವುದು ಎದುರಾಳಿಯ ಹಿಡಿತದಲ್ಲಿದ್ದಾಗ ಎಸೆದವು ಮತ್ತು ಅಂಚಿನ ಹತ್ತಿರದವು, ಸಾಮಾನ್ಯವಾಗಿ ಎರಡೋ ಮೂರೋ. ಅವನ್ನು ಕಾಲಕ್ರಮದಲ್ಲಿ, ಮೊದಲಿನಿಂದ ಮುಂದಕ್ಕೆ ನೋಡಬೇಕು, ಏಕೆಂದರೆ ಮೊದಲು ಸಿಕ್ಕ ಸತ್ತ ಚೆಂಡು ಅದರ ನಂತರದ ಎಲ್ಲ ಪ್ರಶ್ನೆಗಳನ್ನೂ ಅಳಿಸುತ್ತದೆ. ಹಿಡಿತದಲ್ಲಿ ಬೀಳುತ್ತ ಎಸೆದ ವಾಲ್ಟನ್ ಇಂಥ ಪಟ್ಟಿಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಮೊಣಕಾಲಿನ ಪರೀಕ್ಷೆಗೆ ಎರಡು ಸಂಗತಿ ಒಂದೇ ಕ್ಷಣದಲ್ಲಿ ಸಾಬೀತಾಗಬೇಕು: ಮೊಣಕಾಲು ಅಥವಾ ಮೊಣಕಾಲಿನ ಕೆಳಗಿನ ಕಾಲು ನೆಲದ ಮೇಲಿದೆ, ಚೆಂಡು ಇನ್ನೂ ಕೈಯ ಹಿಡಿತದಲ್ಲಿದೆ. ರನೌಟಿಗೆ ಬೇಲ್ಸ್ ಎದ್ದ ಫ್ರೇಮಿನಲ್ಲಿ ಬ್ಯಾಟು ಎಲ್ಲಿದೆ ಎಂದು ನೋಡುತ್ತೇವಲ್ಲ, ಅದೇ ಲೆಕ್ಕ. ಮೊಣಕಾಲು ತಾಗಿದ ಮೊದಲ ಫ್ರೇಮನ್ನು ಹುಡುಕಿ ಅಲ್ಲಿ ನಿಲ್ಲಿಸಬೇಕು. ನೆರಳು ಮತ್ತು ಕಾಲು ಕೂಡಿದ್ದು, ಹುಲ್ಲು ಒತ್ತಿದ್ದು ಗುರುತು. ಆ ಫ್ರೇಮಿನಲ್ಲೇ ಚೆಂಡು ಕಂಡರೆ ಕೆಲಸ ಮುಗಿಯಿತು. ಕಾಣದಿದ್ದರೆ ಇನ್ನೊಂದು ಕೋನ ಬೇಕು, ಎರಡನ್ನೂ ಒಂದೇ ಕ್ಷಣಕ್ಕೆ ಹೊಂದಿಸಬೇಕು. ಹೊಂದಿಸಲು ಎರಡೂ ಕೋನದಲ್ಲಿ ಕಾಣುವ ಮೂರನೇ ಘಟನೆ ಹಿಡಿಯಬೇಕು, ಎದುರಾಳಿಯ ಹೆಲ್ಮೆಟ್ ತಾಗಿದ್ದೋ ಪಕ್ಕದವನ ಪಾದ ನೆಲಕ್ಕೆ ಬಿದ್ದದ್ದೋ. ಅಲ್ಲಿಂದ ಎರಡರಲ್ಲೂ ಫ್ರೇಮ್ ಎಣಿಸಿಕೊಂಡು ಬರಬೇಕು. ಅಮೆರಿಕದ ಎಚ್‌ಡಿ ಪ್ರಸಾರದಲ್ಲಿ ಸೆಕೆಂಡಿಗೆ 60 ಚಿತ್ರ, ಒಂದೆರಡು ಎಣಿಕೆ ತಪ್ಪಿದರೂ ಚೆಂಡು ಕೈಯಿಂದ ಕೆಲವು ಅಂಗುಲ ದೂರ ಹೋಗಿರುತ್ತದೆ.

ಮಯಾಮಿ–ಡ್ಯೂಕ್‌ನಲ್ಲಿ ಇಷ್ಟೆಲ್ಲ ಹೊಂದಾಣಿಕೆಯೂ ಬೇಕಿರಲಿಲ್ಲ. ಮೊಣಕಾಲು ನೆಲದಲ್ಲಿ, ಚೆಂಡು ಕೈಯಲ್ಲಿ, ಎರಡೂ ಒಂದೇ ಚಿತ್ರದಲ್ಲಿ ಸಿಕ್ಕಿದ್ದವು. ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಆ ಸ್ಥಿರಚಿತ್ರ ಎಲ್ಲೆಡೆ ಹರಿದಾಡಿತು. ಮನೆಯಲ್ಲಿ ಕೂತವರಿಗೆ ಸಿಕ್ಕಿದ ಚಿತ್ರ ಕೊಠಡಿಯಲ್ಲಿ ನಿರ್ಣಾಯಕವಾಗಲಿಲ್ಲ ಎಂಬುದೇ ಡ್ಯೂಕ್ ಅಭಿಮಾನಿಗಳಿಗೆ ಹೆಚ್ಚು ನೋವು ಕೊಟ್ಟದ್ದು. ಆ ನೋವು ನ್ಯಾಯವಾದದ್ದು.

ಫಲಿತಾಂಶ ಯಾಕೆ ಬದಲಾಗಲಿಲ್ಲ

ರೆಫರಿ ಪಂದ್ಯ ಮುಗಿಯಿತೆಂದು ಘೋಷಿಸಿದ ಮೇಲೆ ಅಂಕ ಅಂತಿಮ ಎಂದು ಕಾಲೇಜು ಫುಟ್‌ಬಾಲಿನ ನಿಯಮಪುಸ್ತಕ ಹೇಳುತ್ತದೆ. ಕಾನ್ಫರೆನ್ಸಿಗೆ ಅಧಿಕಾರಿಗಳನ್ನು ಶಿಕ್ಷಿಸುವ ಅಧಿಕಾರವಿದೆ, ಅಂಕ ತಿದ್ದುವ ಅಧಿಕಾರವಿಲ್ಲ. ಪುಸ್ತಕ ಹೀಗಿರುವುದಕ್ಕೆ ಕಾರಣವೂ ಇದೆ. ಕೊನೆಯ ಆಟದ ತಪ್ಪನ್ನು ಭಾನುವಾರ ತಿದ್ದಿದರೆ, ಮೊದಲ ಕಾಲುಭಾಗದ ತಪ್ಪನ್ನು ಯಾಕೆ ತಿದ್ದಬಾರದು ಎಂಬ ಪ್ರಶ್ನೆ ಬರುತ್ತದೆ. 23 ದಂಡ ಹೊತ್ತ ಮಯಾಮಿಯೂ ಆಗ ತನ್ನ ಪಟ್ಟಿ ಹಿಡಿದು ಬರುತ್ತಿತ್ತು.

ಸೋತವರಿಗೆ ಗೆಲುವು ಮರಳಿದ ಒಂದು ಹಳೆಯ ಪ್ರಸಂಗ ಇದೆ. 1940ರ ನವೆಂಬರ್ 16ರಂದು ಕಾರ್ನೆಲ್ ತಂಡ ಡಾರ್ಟ್‌ಮತ್ ಎದುರು ಕೊನೆಯ ಕ್ಷಣದ ಟಚ್‌ಡೌನಿನಿಂದ 7–3ಕ್ಕೆ ಗೆದ್ದಿತು. ಫಿಲ್ಮ್ ತೊಳೆದು ನೋಡಿದಾಗ ಆ ಟಚ್‌ಡೌನ್ ಬಂದದ್ದು ಐದನೇ ಯತ್ನದಲ್ಲಿ ಎಂದು ಗೊತ್ತಾಯಿತು. ನಿಯಮದಲ್ಲಿ ಇರುವುದು ನಾಲ್ಕೇ. ಕಾರ್ನೆಲ್ ತಾನಾಗಿ ಗೆಲುವನ್ನು ಬಿಟ್ಟುಕೊಟ್ಟಿತು, ದಾಖಲೆ 3–0 ಡಾರ್ಟ್‌ಮತ್ ಎಂದಾಯಿತು. 18 ಪಂದ್ಯ ಸೋಲಿಲ್ಲದೆ ಬಂದಿದ್ದ ತಂಡ ಅದು. ಅರ್ಧ ಶತಮಾನದ ನಂತರ, 1990ರ ಅಕ್ಟೋಬರ್ 6ರಂದು, ಕೊಲೊರಾಡೊ ತಂಡವೂ ಐದನೇ ಯತ್ನದಲ್ಲೇ ಮಿಸೌರಿಯನ್ನು 33–31ಕ್ಕೆ ಸೋಲಿಸಿತು. ಬಿಟ್ಟುಕೊಡಲಿಲ್ಲ, ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟದಲ್ಲಿ ಪಾಲನ್ನೂ ಪಡೆಯಿತು. ಮಯಾಮಿಯೂ ಬಿಟ್ಟುಕೊಡಲಿಲ್ಲ. ನಿಯಮ ಅದನ್ನು ಕೇಳುವುದಿಲ್ಲ, ಹಾಗಾಗಿ ಆ ಹುಡುಗರನ್ನು ದೂರುವುದು ಸಲ್ಲದು. ಆದರೆ ಕಾರ್ನೆಲ್ ಮಾಡಿದ್ದನ್ನು ಯಾವ ನಿಯಮವೂ ತಡೆಯುವುದಿಲ್ಲ ಎಂಬುದನ್ನು ಮರೆಯಬಾರದು.

ಅಮಾನತಿನ ನಂತರ

ಅಧಿಕಾರಿಗಳನ್ನು ಅಮಾನತು ಮಾಡುವುದು ಇಂಥ ಪ್ರಕರಣಗಳಲ್ಲಿ ರೂಢಿಯಾಗಿದೆ. 2006ರ ಸೆಪ್ಟೆಂಬರ್ 16ರಂದು ಯೂಜೀನ್‌ನಲ್ಲಿ ಆರೆಗನ್ ಆಟಗಾರ, ತನ್ನ ತಂಡವೇ ಒದ್ದ ಚೆಂಡು 10 ಗಜ ದಾಟುವ ಮುನ್ನವೇ ಅದನ್ನು ಮುಟ್ಟಿದ್ದನ್ನು ಮೈದಾನದವರೂ ರಿಪ್ಲೇಯವರೂ ಹಿಡಿಯಲಿಲ್ಲ, ಓಕ್ಲಹೋಮಾ 34–33ಕ್ಕೆ ಸೋತಿತು. ಒಂದು ಪಂದ್ಯದ ಅಮಾನತು. ಮಯಾಮಿ–ಡ್ಯೂಕ್ ಆಗಿ ವರ್ಷ ತುಂಬುವ ಮೊದಲೇ, 2016ರ ಸೆಪ್ಟೆಂಬರ್ 10ರಂದು, ಓಕ್ಲಹೋಮಾ ಸ್ಟೇಟ್ ತಂಡದ ಎದುರು ಸೆಂಟ್ರಲ್ ಮಿಷಿಗನ್‌ಗೆ ನಿಯಮದಲ್ಲಿ ಇಲ್ಲದ ಒಂದು ಹೆಚ್ಚುವರಿ ಆಟ ಕೊಟ್ಟರು. ಅದರಲ್ಲೇ ಟಚ್‌ಡೌನ್ ಬಂದು 30–27 ಆಯಿತು. ಅಲ್ಲಿ ಕ್ಯಾಮೆರಾ ನೋಡುವ ಅಗತ್ಯವೂ ಇರಲಿಲ್ಲ, ಪುಸ್ತಕದ ಒಂದು ಸಾಲು ನೆನಪಿದ್ದರೆ ಸಾಕಿತ್ತು. ಮತ್ತೆ ಎರಡು ಪಂದ್ಯದ ಅಮಾನತು, ಮತ್ತೆ ಬದಲಾಗದ ಫಲಿತಾಂಶ. ಅಮಾನತು ಸಿಟ್ಟನ್ನು ತಣಿಸುತ್ತದೆ, ಮುಂದಿನ ವಾರ ಬೇರೆ ಊರಿನಲ್ಲಿ ಕೂರುವ ಬೇರೆ ಅಧಿಕಾರಿಗೆ ಏನನ್ನೂ ಕಲಿಸುವುದಿಲ್ಲ.

ಕಲಿಸಿದ್ದು ಇನ್ನೊಂದು ಬದಲಾವಣೆ. 2016ರಿಂದ ರಿಪ್ಲೇ ತೀರ್ಮಾನದಲ್ಲಿ ಕೇಂದ್ರ ಕಚೇರಿಯವರೂ ಕೈಜೋಡಿಸಬಹುದು ಎಂಬ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಎಸಿಸಿ ತನ್ನ ಅಂದಿನ ಕೇಂದ್ರವಾದ ಗ್ರೀನ್ಸ್‌ಬರೋದಿಂದಲೂ, ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಬರ್ಮಿಂಗ್‌ಹ್ಯಾಮ್‌ನಿಂದಲೂ ಇದನ್ನು ಶುರು ಮಾಡಿದವು. ಒಬ್ಬರು ಒಂಟಿಯಾಗಿ ನೋಡುವ ಬದಲು ಎರಡು ಮೂರು ಜೊತೆ ಕಣ್ಣು. ಒಬ್ಬರು 1ರಿಂದ 4ನೇ ವಶ ನೋಡುತ್ತಿದ್ದರೆ ಇನ್ನೊಬ್ಬರು 5ರಿಂದ 9 ನೋಡಬಹುದು. 26 ಪ್ರಶ್ನೆಗಳ ಹೊರೆ ಹಂಚಿಹೋಗುತ್ತದೆ. ಈ ಪ್ರಕರಣಕ್ಕೆ ಇದು ನೇರ ಮದ್ದು, ಒಳ್ಳೆಯ ಮದ್ದು.

ವ್ಯಾಪ್ತಿಯ ಮಿತಿ ಮಾತ್ರ ಹಾಗೇ ಉಳಿಯಿತು. ಅದು ಮಯಾಮಿ ಪಂದ್ಯವಾದ ಎಂಟು ವಾರದಲ್ಲೇ ಡ್ಯೂಕ್‌ಗೇ ಇನ್ನೊಂದು ಬಗೆಯಲ್ಲಿ ಎದುರಾಗಿತ್ತು. 2015ರ ಡಿಸೆಂಬರ್ 26ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ನಡೆದ ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ (ಬೌಲ್ ಎಂದರೆ ಋತುವಿನ ಕೊನೆಯ ವಿಶೇಷ ಪಂದ್ಯ) ಡ್ಯೂಕ್ ಹೆಚ್ಚುವರಿ ಅವಧಿಯಲ್ಲಿ 44–41ರಿಂದ ಮುಂದಿತ್ತು. ಸಮ ಮಾಡಲು ಇಂಡಿಯಾನಾ ಒದ್ದ ಚೆಂಡು ಗೋಲ್ ಕಂಬದ ತುದಿಗಿಂತ ಎತ್ತರದಲ್ಲಿ ಹಾದುಹೋಯಿತು. ಒಳಗೋ ಹೊರಗೋ ಎಂದು ಕೆಳಗೆ ನಿಂತವರು ಹೇಳಬೇಕು, ಹೊರಗೆ ಎಂದರು. ಕಂಬದ ತುದಿಗಿಂತ ಮೇಲೆ ಹೋದ ಚೆಂಡನ್ನು ರಿಪ್ಲೇ ನೋಡುವಂತಿಲ್ಲ. 1961ರ ನಂತರ ಡ್ಯೂಕ್‌ಗೆ ಸಿಕ್ಕ ಮೊದಲ ಬೌಲ್ ಗೆಲುವು ಅದು.

ಉಳಿದ ಬಿರುಕು

ಹೆಚ್ಚು ಕಣ್ಣು ಬಂದರೂ ಯಾರೂ ಕೊಡದ ತೀರ್ಪಿಗೆ ಮರ್ಯಾದೆ ಸಿಗುವ ಸಮಸ್ಯೆ ಬಗೆಹರಿಯಲಿಲ್ಲ. ಅದನ್ನು ಬಗೆಹರಿಸಲು ಯಂತ್ರ ಬೇಡ, ಒಂದು ಪ್ರಶ್ನೆ ಸಾಕು. ಪರಿಶೀಲನೆ ಶುರುವಾಗುವ ಮುನ್ನ ಕೊಠಡಿಯವರು ರೆಫರಿಯನ್ನು ಕೇಳಬೇಕು: ‘ಆತನ ಮೊಣಕಾಲು ನೆಲದಿಂದ ಮೇಲಿದ್ದದ್ದನ್ನು ನಿಮ್ಮಲ್ಲಿ ಯಾರಾದರೂ ಕಣ್ಣಾರೆ ಕಂಡಿರೇ?’ ಕಂಡವರಿದ್ದರೆ ಅಲ್ಲಗಳೆಯಲಾಗದ ಸಾಕ್ಷ್ಯದ ಮಾನದಂಡ ಹಾಗೇ ಇರಲಿ. ಯಾರೂ ಕಂಡಿಲ್ಲದಿದ್ದರೆ, ಸಂಶಯದಿಂದ ಸೀಟಿ ತಡೆಹಿಡಿದದ್ದಾದರೆ, ಕೊಠಡಿಯವರು ಹೊಸದಾಗಿ ನೋಡಿ ಹೆಚ್ಚು ಸಂಭವನೀಯವಾದದ್ದನ್ನೇ ತೀರ್ಪಾಗಿ ಕೊಡಲಿ.

ಇದಕ್ಕೆ ಬರುವ ಆಕ್ಷೇಪ ಗೊತ್ತಿದೆ: ಅಧಿಕಾರಿಗಳು ಹೊಣೆ ತಪ್ಪಿಸಿಕೊಳ್ಳಲು ಪ್ರತಿ ಸಲವೂ ‘ಕಾಣಲಿಲ್ಲ’ ಎನ್ನುತ್ತಾರೆ, ಪಂದ್ಯ ಇನ್ನೂ ಉದ್ದವಾಗುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ಈ ವಿನಾಯಿತಿಯನ್ನು ಎರಡೇ ಬಗೆಯ ಆಟಕ್ಕೆ ಸೀಮಿತಗೊಳಿಸಬಹುದು: ಅಂಕ ಬಂದದ್ದು, ಗಡಿಯಾರ ಮುಗಿದ ಮೇಲೆ ಕೊನೆಗೊಂಡದ್ದು. ಇಡೀ ಋತುವಿನಲ್ಲಿ ಎರಡನೆಯ ಬಗೆಯವು ಬೆರಳೆಣಿಕೆಯಷ್ಟೇ ಬರುತ್ತವೆ. ಯಾರು ಎಷ್ಟು ಸಲ ‘ಕಾಣಲಿಲ್ಲ’ ಎಂದರು ಎಂಬುದನ್ನು ಅವರ ವಾರದ ಮೌಲ್ಯಮಾಪನದಲ್ಲಿ ಬರೆದಿಡಬಹುದು.

ಘೋಷಣೆಯ ಪದಗಳೂ ಇದಕ್ಕೆ ಸಂಬಂಧಪಟ್ಟವೇ. ಹಲವು ವರ್ಷ ರೆಫರಿಗಳು ಮೂರು ಬಗೆಯಲ್ಲಿ ಹೇಳುತ್ತಿದ್ದರು. ‘ಖಚಿತವಾಗಿದೆ’ ಎಂದರೆ ದೃಶ್ಯ ನೋಡಿ ತೀರ್ಪು ಸರಿ ಎಂದು ಸಾಬೀತಾಯಿತು. ‘ಉಳಿಯುತ್ತದೆ’ ಎಂದರೆ ಬದಲಿಸುವಷ್ಟು ಸಾಕ್ಷ್ಯ ಸಿಗಲಿಲ್ಲ. ‘ಬದಲಾಗಿದೆ’ ಎಂದರೆ ತಪ್ಪು ಸಿಕ್ಕಿತು. 2025ರಿಂದ ಮೊದಲೆರಡನ್ನೂ ಸೇರಿಸಿ ‘ಎತ್ತಿಹಿಡಿಯಲಾಗಿದೆ’ ಎಂಬ ಒಂದೇ ಪದ ಬಂದಿದೆ. ಕೇಳುವವರಿಗೆ ಸುಲಭವಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ವಾಲ್ಟನ್ ಮೊಣಕಾಲಿನಂಥ ಆಟ ಮತ್ತೆ ಬಂದಾಗ, ಕೊಠಡಿಯವರು ಕಂಡು ಸರಿ ಎಂದರೋ, ಕಾಣದೆ ಕೈಬಿಟ್ಟರೋ ಎಂಬುದು ಕ್ರೀಡಾಂಗಣದಲ್ಲಿ ಕೂತ ಯಾರಿಗೂ ಇನ್ನು ಆ ಘೋಷಣೆಯಿಂದ ತಿಳಿಯುವುದಿಲ್ಲ.